ಓಣ್ಯಾಗ ವಾಂತಿ-ಭೇದಿ ಶುರುವಾದ್ರ ಏನ್ ಮಾಡಬೇಕು? ಚಮಚದಿಂದ ನಳದತನಕ

ಬ್ಯಾಸಗಿ ಮುಗದು ಮೊದಲ ಮಳಿ ಬಿದ್ದ ವಾರದಾಗ ನಮ್ಮ ಕಲಬುರಗಿ ಓಣಿಗಳಾಗ ಈ ಮಾತು ಕೇಳೇ ಕೇಳ್ತದ, "ಮನ್ಯಾಗ ಎಲ್ಲರಿಗೂ ಹೊಟ್ಟಿ ಕೆಟ್ಟದ ರೀ". ಪಾಪ ನಿನ್ನಿ ತಿಂದ ಮಿರ್ಚಿ ಭಜಿ ಮ್ಯಾಲ ತಪ್ಪು ಹೊರಸ್ತಾರ. ಒಂದೇ ಮನ್ಯಾಗ ಆದ್ರ ಭಜಿ ಇದ್ದಿರಬಹುದು, ಆದ್ರ ಸಾಲಾಗಿ ನಾಕೈದು ಮನ್ಯಾಗ ಒಂದೆರಡು ದಿನದೊಳಗ ಶುರುವಾತಂದ್ರ ಮೊದಲು ನೀರಿನ ಮ್ಯಾಲ ಡೌಟ್ ಪಡ್ರಿ.

ಹೋದ ವರ್ಷ ನಮ್ಮ ಮನ್ಯಾಗೂ ಹಿಂಗೇ ಆತು. ನಮ್ಮ ಅತ್ತಿಯವ್ರಿಗೆ ಮುಂಜಾನಿಂದ ಎಂಟು ಸಲ ಆಗಿತ್ತು, ಆದ್ರೂ ಓಆರ್‌ಎಸ್ (ಸಕ್ರಿ-ಉಪ್ಪಿನ ಪುಡಿ) ಕಲಸಿದ ನೀರು ಕುಡೀಲಿಕ್ಕೆ ಒಲ್ಲೆ ಅಂದ್ರು, "ಸಲೈನ್ ಹಚ್ಚಿದ್ರೇನೇ ಶಕ್ತಿ ಬರ್ತದ" ಅಂತ ಹಟ. ದವಾಖಾನ್ಯಾಗ ಪಾಳಿ ಹಚ್ಚಿ ಎರಡು ತಾಸು ಕುಂತ್ವಿ, ಆ ಎರಡು ತಾಸಿನಾಗ ಅವ್ರು ಇನ್ನಷ್ಟು ಒಣಗಿದ್ರು. ಕುಂತಲ್ಲೇ ಬಾಟಲಿಯಿಂದ ಕುಡಿಸಿದ್ರ ಅರ್ಧ ಕೆಲಸ ಆಗಿ ಹೋಗ್ತಿತ್ತು, ನನಗೂ ಆವಾಗ ತಿಳೀಲಿಲ್ಲ.

ಒಳಗ ಏನಾಗ್ತದ

ಕಾಲರಾದ್ದೇ ಉದಾಹರಣೆ ತಗೊಳ್ರಿ, ಯಾಕಂದ್ರ ಅದರ ಆಟ ಭಾಳ ಸ್ಪಷ್ಟ ಅದ. ನೀರಿನ ಜೋಡಿ ಹೊಟ್ಟಿಗೆ ಹೋದ ಬ್ಯಾಕ್ಟೀರಿಯಾನ ಮೊದಲು ನಮ್ಮ ಜಠರದ ಆಸಿಡ್ ಸುಡ್ತದ. ಅದಕ್ಕೇ ಗಟ್ಟಿಮುಟ್ಟಾದವರಿಗೆ ಕಾಲರಾ ಬರಬೇಕಂದ್ರ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾ ಒಳಗ ಹೋಗ್ಬೇಕು, ದಿನಾ ಗ್ಯಾಸ್ಟ್ರಿಕ್ ಗುಳಿಗಿ ನುಂಗೋರಿಗೆ ಅಷ್ಟು ಬೇಕಾಗಿಲ್ಲ. ರಕ್ತಭೇದಿ ಮಾಡೋ ಶಿಗೆಲ್ಲಾ ಅಂತೂ ನೂರರೊಳಗಿದ್ರೂ ಸಾಕು, ತೊಳೀದ ಕೈಯೇ ಅದಕ್ಕ ಗಾಡಿ. ಆಸಿಡ್ ದಾಟಿ ಉಳಿದಿದ್ದು ಸಣ್ಣ ಕರುಳಿಗೆ ಅಂಟಿಕೊಂಡು ಒಂದು ವಿಷ ಬಿಡ್ತದ. ಇದನ್ನ 1959ರಾಗ ಕೋಲ್ಕತ್ತಾದಾಗ ಶಂಭುನಾಥ್ ಡೇ ಅನ್ನೋ ವಿಜ್ಞಾನಿ ಮೊಲದ ಕರುಳಿನಾಗ ತೋರಿಸಿದ್ರು. ಆ ವಿಷ ಕರುಳಿನ ಕೋಶಗಳನ್ನ ನಳದ ಚಾವಿ ತಿರುವಿ ಮುರದಂಗ ಮಾಡ್ತದ, ಕ್ಲೋರೈಡ್ ಹೊರಗ ಹರೀತದ, ಅದರ ಹಿಂದ ಸೋಡಿಯಂ, ಅದರ ಹಿಂದ ನೀರು. ಜೋರಾಗಿ ಆದವರಿಗೆ ಒಂದು ತಾಸಿಗೆ ಒಂದು ಲೀಟರ್‌ತನಕ ಹೋಗ್ತದ. ಅಂದ್ರ ಜೀವ ತಗೊಳ್ಳೋದು ಈ ಹೋಗೋ ನೀರು, ಕ್ರಿಮಿ ಕರುಳು ಬಿಟ್ಟು ರಕ್ತಕ್ಕ ಹೋಗೋದೇ ಇಲ್ಲ. ಸಣ್ಣ ಕೂಸುಗಳಿಗೆ ಹೆಚ್ಚಾಗಿ ಬರೋ ರೋಟಾವೈರಸ್ ಬ್ಯಾರೆ ದಾರಿ ಹಿಡೀತದ, ಕರುಳಿನ ಮ್ಯಾಲಿನ ನೀರು ಹೀರೋ ಕೋಶಗಳನ್ನೇ ಕೊಲ್ತದ. ಅದಕ್ಕ ಲಸಿಕಿ ಅದ, ಸರ್ಕಾರಿ ದವಾಖಾನ್ಯಾಗ 6, 10, 14ನೇ ವಾರಕ್ಕ ಬಾಯಿಗೆ ಹಾಕ್ತಾರ, ಫ್ರೀ.

ಈಗ ಮಜಾ ಕೇಳ್ರಿ. ಕಾಲರಾದ ವಿಷ ಒಂದು ಬಾಗಿಲಾ ಮಾತ್ರ ಮುಟ್ಟಂಗಿಲ್ಲ. ಕರುಳಿನಾಗ ಸಕ್ರಿ ಮತ್ತ ಉಪ್ಪು ಜೋಡಿಯಾಗಿ ಬಂದ್ರ ಒಳಗ ಬಿಡೋ ಬಾಗಿಲಾ ಅದು, ಬರೇ ಉಪ್ಪಿನ ನೀರು ಬಂದ್ರ ಅಷ್ಟಾಗಿ ತಗೊಳ್ಳಂಗಿಲ್ಲ, ಎರಡೂ ಕೂಡಿ ಬಂದ್ರ ಎಳಕೊಳ್ತದ, ಹಿಂದ ನೀರೂ ಬರ್ತದ. ಓಆರ್‌ಎಸ್ ಅಂದ್ರ ಇಷ್ಟೇ. 1971ರಾಗ ಬಾಂಗ್ಲಾ ಯುದ್ಧದ ಟೈಮಿನಾಗ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಿನಾಗ ಸಲೈನ್ ಮುಗೀಲಿಕ್ಕೆ ಬಂದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಈ ನೀರನ್ನೇ ಡ್ರಮ್ಮಿನಾಗ ತುಂಬಿಟ್ಟು, ಪೇಷಂಟ್ ಮನಿಯವರ ಕೈಲೇ ಕುಡಿಸಿದ್ರು. ನೂರಕ್ಕ ಮೂವತ್ತರ ಹತ್ರ ಇದ್ದ ಸಾವು ನಾಕರೊಳಗ ಇಳೀತು. ಅವರು ತೀರಿಕೊಂಡ ಮ್ಯಾಲ 2023ರಾಗ ಪದ್ಮವಿಭೂಷಣ ಬಂತು.

ಕಲಸೋದು, ಕುಡಿಸೋದು

ಮೊದಲು ಒಂದು ಲೀಟರ್ ನೀರು ಕುದಿಸಿ ಆರಿಸಿ, ಒಂದು ಲೀಟರಿನ ಬಾಟಲಿಯಿಂದಲೇ ಅಳೀರಿ, ಚರಿಗಿ-ಗ್ಲಾಸಿನ ಅಂದಾಜು ಬ್ಯಾಡ. ಲೀಟರಿನ ಪ್ಯಾಕೆಟ್ ಇದ್ರ ಪೂರ್ತಿ ಒಮ್ಮೆಲೇ ಹಾಕ್ರಿ. ನಮ್ಮಲ್ಲಿ ಎಲ್ಲರೂ ಮಾಡೋ ತಪ್ಪು ಇದೇ, ಒಂದು ಗ್ಲಾಸಿಗೆ ಅರ್ಧ ಪ್ಯಾಕೆಟ್ ಸುರೂತಾರ, ಉಪ್ಪು ಜಾಸ್ತಿಯಾಗಿ ಕೂಸಿಗೆ ಇನ್ನಷ್ಟು ತ್ರಾಸ. ಪ್ಯಾಕೆಟ್ ಇಲ್ಲಂದ್ರ ಲೀಟರಿಗೆ ಸಣ್ಣ ಚಾ ಚಮಚಲೆ 6 ಚಮಚ ಸಕ್ರಿ, ಅರ್ಧ ಚಮಚ ಉಪ್ಪು, ಮ್ಯಾಲ ಗುಡ್ಡ ನಿಲ್ಲಬಾರ್ದು, ಬೆರಳಿಲೆ ಸವರಿ ಸಮ ಮಾಡ್ರಿ. ನಾಲಿಗಿಗೆ ಹಚ್ಚಿ ನೋಡ್ರಿ, ಕಣ್ಣೀರಿಗಿಂತ ಉಪ್ಪಾಗಿದ್ರ ಚೆಲ್ಲಿ ಹೊಸದು ಕಲಸ್ರಿ. 24 ತಾಸಾದ ಮ್ಯಾಲ ಉಳಿದಿದ್ದೂ ಚೆಲ್ರಿ.

ಅಂಗಡ್ಯಾಗ ಸಿಗೋ ಸಿಹಿ ಡಬ್ಬಿಗಳ ಸುದ್ದಿ ಒಂದೀಟು. ಓಆರ್‌ಎಸ್ ಅಂತ ಹೆಸರಿಟ್ಟು ಬರೇ ಸಕ್ರಿ ನೀರು ಮಾರೋದನ್ನ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಾಗ ಬಂದ್ ಮಾಡ್ತು. ಸಕ್ರಿ ಅತಿಯಾದ್ರ ಭೇದಿ ಹೆಚ್ಚಾಗ್ತದ, ಮೆಡಿಕಲ್‌ನಾಗ ಕೇಳೋ ಮುಂದ ಪುಡಿ ಪ್ಯಾಕೆಟ್ಟೇ ಕೇಳ್ರಿ.

ಕುಡಿಸೋ ಲೆಕ್ಕ: ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಆದ ಮ್ಯಾಲ 50ರಿಂದ 100 ಮಿಲಿ, ಹತ್ತು ವರ್ಷದತನಕ 100ರಿಂದ 200, ದೊಡ್ಡವರಿಗೆ ಕುಡದಷ್ಟು. ಗಟಗಟ ಅಲ್ಲ, ಚಮಚ ಚಮಚ. ವಾಂತಿ ಆದ್ರ ಹತ್ತು ನಿಮಿಷ ಬಿಟ್ಟು ಮತ್ತ ಸಾವಕಾಶ ಶುರು ಮಾಡ್ರಿ. ಎದಿಹಾಲು ನಿಲ್ಲಸಬ್ಯಾಡ್ರಿ. "ಹೊಟ್ಟಿ ಖಾಲಿ ಇಡ್ರಿ" ಅನ್ನೋ ಹಿರಿಯರ ಮಾತು ಈ ಒಂದು ವಿಷಯಕ್ಕ ಕೇಳಬ್ಯಾಡ್ರಿ, ಗಂಜಿ, ಮಜ್ಜಿಗಿ ಅನ್ನ, ಜ್ವಾಳದ ಅಂಬಲಿ ನಡೀತದ. ಮಕ್ಕಳಿಗೆ ಝಿಂಕ್ ಗುಳಿಗಿ 14 ದಿನ, ಆರು ತಿಂಗಳ ಮ್ಯಾಲಿನವರಿಗೆ ದಿನಕ್ಕ 20 ಮಿಗ್ರಾಂ, ಭೇದಿ ನಿಂತ್ರೂ ಕೋರ್ಸ್ ಮುಗಸ್ರಿ. ಭೇದಿ ಕಟ್ಟೋ ಗುಳಿಗಿ ಮಕ್ಕಳಿಗೆ ಕೊಡಲೇ ಬಾರ್ದು. ಆಂಟಿಬಯೋಟಿಕ್ ಡಾಕ್ಟರ್ ಹೇಳಿದ್ರ ಮಾತ್ರ, ವೈರಸ್ಸಿಗೆ ಅದರಿಂದ ಏನೂ ಆಗಂಗಿಲ್ಲ.

ಕಣ್ಣು ಒಳಗ ಹೋಗ್ಯಾವ, ಹೊಟ್ಟಿ ಮ್ಯಾಲಿನ ಚರ್ಮ ಚಿವುಟಿ ಬಿಟ್ರ ಹಂಗೇ ನಿಂತದ, ಆರು ತಾಸಾದ್ರೂ ಮೂತ್ರ ಇಲ್ಲ, ಕೂಸು ಜೋಲಿಬಿದ್ದದ, ರಕ್ತ ಬಂದದ, ಇಲ್ಲಾ ಕುಡಿದಿದ್ದು ಒಂದು ಹನಿನೂ ನಿಲ್ಲವಲ್ದು ಅಂದ್ರ ಆವಾಗ ಮನಿ ಮದ್ದು ನಂಬಿ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಇಂಥವರಿಗೆ ಸಲೈನ್ ಖರೇನೇ ಬೇಕು. ದಾರ್‍ಯಾಗೂ ಕುಡಿಸ್ತಾ ಹೋಗ್ರಿ, ಎಚ್ಚರ ಇದ್ರ ಮಾತ್ರ.

ನಳದ ಕಥಿ

ನಮ್ಮ ಕಡಿ ನಳಕ್ಕ ನೀರು ದಿನಾ ಬರಂಗಿಲ್ಲ, ದಿನ ಬಿಟ್ಟು ದಿನ, ಕೆಲವು ಕಡಿ ಅದಕ್ಕೂ ತಡ. ಇದು ಬರೇ ಕೊಡ ತುಂಬಿಡೋ ತ್ರಾಸಿನ ಮಾತಲ್ಲ, ರೋಗದ ಮಾತೂ ಹೌದು, ಯಾಕಂದ್ರ ನೀರು ಹರಿಯೋ ಮುಂದ ಪೈಪಿನೊಳಗ ಪ್ರೆಶರ್ ಇರ್ತದ, ತೂತಿದ್ರ ನೀರು ಹೊರಗ ಬರ್ತದ, ನೀರು ಬಂದ್ ಆದ ಮ್ಯಾಲ ಅದೇ ತೂತಿನಿಂದ ಬಾಜೂ ಗಟಾರದ್ದು ಒಳಗ ಎಳಕೊಳ್ತದ. ಮಳಿಗಾಲದಾಗ ಗಟಾರ ತುಂಬಿ ಪೈಪು ಮುಳುಗಿರ್ತದ ಬ್ಯಾರೆ. ಅದಕ್ಕ ನೀರು ಬಂದ ಕೂಡ್ಲೇ ಮೊದಲ ಬಕೆಟ್ ಕುಡೀಲಿಕ್ಕೆ ಹಿಡೀಬ್ಯಾಡ್ರಿ, ಬಣ್ಣ-ವಾಸನಿ ನೋಡ್ರಿ, ಕೇಸ್ ಇದ್ದ ಓಣ್ಯಾಗ ಎಲ್ಲಾ ಕುಡಿಯೋ ನೀರೂ ಕುದಸ್ರಿ, ಕೊಡದೊಳಗ ಕೈ ಅದ್ದದೆ ಹಿಡಿಕಿ ಇದ್ದ ಚರಿಗಿಲೆ ತೆಗೀರಿ.

ಕೈಗೆ ಸಾಬಾನೇ ಬೇಕು. 2020ರ ಮಾರ್ಚ್‌ನಾಗ ದೇಶದ ಮೊದಲನೇ ಕೊರೊನಾ ಸಾವು ನಮ್ಮ ಕಲಬುರಗಿಯವರದೇ, ಆವಾಗಿಂದ ಮನಿ ಮನ್ಯಾಗ ಸ್ಯಾನಿಟೈಸರ್ ಬಾಟಲಿ ಕುಂತಾವ, ಆದ್ರ ಭೇದಿ ಮಾಡೋ ನೊರೊವೈರಸ್ಸಿಗೆ ಅದು ಅಷ್ಟು ನಾಟಂಗಿಲ್ಲ.

ಎರಡು-ಮೂರು ಮನ್ಯಾಗ ಆಗ್ಯದ ಅಂತ ಗೊತ್ತಾದ ದಿನವೇ ಆಶಾ ಅಕ್ಕಗ ಹೇಳ್ರಿ, ನಾಳಿ ನೋಡೋಣ ಅನ್ನಬ್ಯಾಡ್ರಿ. ಅವರಿಂದ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ), ಅಲ್ಲಿಂದ ರೋಗದ ಮ್ಯಾಲ ಕಣ್ಣಿಡೋ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕ ಸುದ್ದಿ ಹೋಗ್ತದ, ಅವರು ಮನಿ ಲೆಕ್ಕ ಬರಕೊಂಡು ಯಾವ ಲೈನಿನ ನೀರು ಅಂತ ಹುಡುಕ್ತಾರ. ಒಂದು ಮಾತು ನೆನಪಿಡ್ರಿ, ನೀರಿನ ಸ್ಯಾಂಪಲ್ ತಗೊಳ್ಳೋತನಕ ನೀವೇ ಟಾಕಿಗೆ ಬ್ಲೀಚಿಂಗ್ ಪೌಡರ್ ಸುರೀಬ್ಯಾಡ್ರಿ, ಕ್ಲೋರಿನ್ ಬಿದ್ದ ನೀರಿನಾಗ ಕ್ರಿಮಿ ಸಿಗಂಗಿಲ್ಲ, ರಿಪೋರ್ಟ್ ಕ್ಲೀನ್ ಬರ್ತದ, ಒಡದ ಪೈಪು ಒಡದೇ ಉಳೀತದ. ಸ್ಯಾಂಪಲ್ ಆದ ಮ್ಯಾಲ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಛಲೋ ಪೌಡರ್ ಸಾಕು, ನೀರಾಗ ಕದಡಿ ಸುಣ್ಣ ತಳಕ್ಕ ಕುಂತ ಮ್ಯಾಲ ಮ್ಯಾಲಿನ ತಿಳಿ ಹಾಕಿ ಅರ್ಧ ತಾಸು ಬಿಡಬೇಕು. ನಮ್ಮ ಅತ್ತಿಯವ್ರು ಆ ವಾಸನಿಗೆ ಮೂಗು ಮುರದು ಎರಡು ಕೊಡ ಗಟಾರಕ್ಕ ಚೆಲ್ಲಿದ್ರು, ಮೂರನೇ ಕೊಡಕ್ಕ ನಾನು ಕೈ ಹಿಡದೆ.