ಔಟ್‌ಬೋರ್ಡ್ ದೋಣಿಗೆ ಪೆಟ್ರೋಲ್ ಟ್ಯಾಂಕ್ ಮತ್ತು ಪೈಪ್ ಜೋಡಿಸುವ ಕ್ರಮ

ನಮ್ಮ ಭಾಗದಲ್ಲಿ ಔಟ್‌ಬೋರ್ಡ್ ಎಂಜಿನ್ನಿನ, ಅಂದರೆ ಹಿಂಬದಿಗೆ ಹೊರಗಿನಿಂದ ಎಂಜಿನ್ ಸಿಕ್ಕಿಸುವ ದೋಣಿಗಳು ವರ್ಷದ ಬಹುಪಾಲು ಸುಮ್ಮನೆ ಕೂತಿರುತ್ತವೆ. 2019ರಂತೆ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಕಡೆ ನುಗ್ಗಿದಾಗ, ವರದಾ ತುಂಬಿ ಹಾವೇರಿಯ ಹೊಲಗಳು ಮುಳುಗಿದಾಗ ಅವುಗಳ ನೆನಪಾಗುತ್ತದೆ. ಆಗ ಎಂಜಿನ್ ಚಾಲೂ ಆಗಿ ಐದು ನಿಮಿಷಕ್ಕೆ ನಿಂತರೆ ಎಲ್ಲರೂ ಮೊದಲು ಪ್ಲಗ್ಗಿಗೆ ಕೈಹಾಕುತ್ತಾರೆ. ಆದರೆ ಹೀಗೆ ನಿಲ್ಲುವ ಎಂಜಿನ್ನಿನಲ್ಲಿ ದೋಷ ಹೆಚ್ಚಾಗಿ ಟ್ಯಾಂಕ್, ಬಲ್ಬ್ (ಪೈಪಿನ ನಡುವೆ ಇರುವ, ಹಿಚುಕಿ ಪೆಟ್ರೋಲ್ ಏರಿಸುವ ರಬ್ಬರ್ ಉಂಡೆ), ಪೈಪುಗಳಲ್ಲೇ ಇರುತ್ತದೆ. ಮೇ ಮುಗಿಯುವುದರೊಳಗೆ ಇದಿಷ್ಟನ್ನು ಸರಿಮಾಡಿಟ್ಟುಕೊಳ್ಳಿ.

ಕೈಯಲ್ಲಿ ಎತ್ತಿ ಒಯ್ಯುವ ಟ್ಯಾಂಕುಗಳು ಸಾಮಾನ್ಯವಾಗಿ 12 ಮತ್ತು 25 ಲೀಟರಿನವು. 25 ಎಚ್‌ಪಿ ಫೋರ್ ಸ್ಟ್ರೋಕ್ ಎಂಜಿನ್ ಪೂರ್ತಿ ವೇಗದಲ್ಲಿ ತಾಸಿಗೆ 9–10 ಲೀಟರ್ ಕುಡಿಯುತ್ತದೆ, ಟೂ ಸ್ಟ್ರೋಕ್ ಇನ್ನೂ ಹೆಚ್ಚು. ಹೋಗಲು ಮೂರನೇ ಒಂದು ಪಾಲು, ಬರಲು ಒಂದು ಪಾಲು, ಇನ್ನೊಂದು ಪಾಲು ಕೈಕಾವಲಿಗೆ ಎಂದು ಲೆಕ್ಕ ಹಾಕಿ. ಉಣಕಲ್ ಕೆರೆಯಂಥ ನಿಂತ ನೀರಿನ ಲೆಕ್ಕ ಹೊಳೆಯ ಸೆಳವಿಗೆ ಎದುರಾಗಿ ಹೋಗುವಾಗ ನಡೆಯುವುದಿಲ್ಲ.

ಟ್ಯಾಂಕನ್ನು ಎಂಜಿನ್ನಿಗೆ ಹತ್ತಿರ, ಸಮತಟ್ಟಾದ ಜಾಗದಲ್ಲಿಟ್ಟು ಬೆಲ್ಟಿನಿಂದ ಬಿಗಿಯಿರಿ. ಬ್ಯಾಟರಿಯ ಪಕ್ಕ ಬೇಡ. ಸೀಟಿನ ಕೆಳಗಿನ ಮುಚ್ಚಿದ ಪೆಟ್ಟಿಗೆಯಂತೂ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ದೋಣಿಯ ತಳದಲ್ಲೇ ಕೂತು ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಪೈಪಿನ ವಿಷಯದಲ್ಲಿ ಕಂಜೂಸಿತನ ಮಾಡಬೇಡಿ. ಲೆವೆಲ್ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಪೆಟ್ರೋಲಿಗೆ ಕೆಲವೇ ತಿಂಗಳಲ್ಲಿ ಕಟ್ಟಿಗೆಯಾಗಿ ಬಿರುಕು ಬಿಡುತ್ತದೆ. ಐಎಸ್ಒ 7840 ಅಥವಾ ಎಸ್‌ಎಇ ಜೆ1527 ಎಂದು ಮೈಮೇಲೆ ಅಚ್ಚಾದ ಮರೈನ್ ಪೈಪನ್ನೇ ತನ್ನಿ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಕಾರವಾರ, ಮಲ್ಪೆಯ ಮೀನುಗಾರಿಕೆ ಬಂದರಿನ ಅಂಗಡಿಗಳಲ್ಲಿ ಕೇಳಿ ತರಿಸಿ. ಒಳ ಅಳತೆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. ಸಣ್ಣ ಎಂಜಿನ್ನುಗಳಿಗೆ 8 ಮಿಮೀ ಇಲ್ಲವೇ 9.5 ಮಿಮೀ ಸಾಮಾನ್ಯ. ಎಂಜಿನ್ನನ್ನು ಎಡಬಲಕ್ಕೆ ಪೂರ್ತಿ ತಿರುಗಿಸಿದಾಗಲೂ, ಮೇಲೆ ಎತ್ತಿದಾಗಲೂ ಎಳೆಯದಷ್ಟು ಉದ್ದ ಬಿಡಿ. ಎಲ್ಲೂ ಕಾಲಡಿಗೆ ಸಿಗಬಾರದು, ಮಡಚಿಕೊಳ್ಳಬಾರದು.

ಜೋಡಿಸುವಾಗ ಪೈಪಿನ ತುದಿಯನ್ನು ನೇರವಾಗಿ, ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿ. ಬಿಗಿಯಾಗಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕನೆಕ್ಟರಿನ ಹಲ್ಲುಗಳೆಲ್ಲ ಮುಚ್ಚುವತನಕ ತಿರುಗಿಸುತ್ತ ತಳ್ಳಿ. ಸ್ಟೇನ್‌ಲೆಸ್ ಕ್ಲ್ಯಾಂಪ್ ಹಾಕಿ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗುತ್ತದೆ. ಕ್ಲ್ಯಾಂಪನ್ನು ರಬ್ಬರ್ ಕಚ್ಚಿ ಹರಿಯುವಷ್ಟು ಬಿಗಿಯಬಾರದು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬೇಡ, ಅದರ ಎಳೆ ಹರಿದು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ತಡೆಯುವ ದ್ರವ ಸೀಲೆಂಟ್ ಬಳಸಿ. ಯಮಹಾ, ಸುಜುಕಿ, ಮರ್ಕ್ಯುರಿ, ಟೊಹಾಟ್ಸು ಕನೆಕ್ಟರುಗಳು ಸಾಮಾನ್ಯವಾಗಿ ಒಂದಕ್ಕೊಂದು ಹೊಂದುವುದಿಲ್ಲ. ಎಂಜಿನ್ನಿನ ಕಂಪನಿಯದ್ದನ್ನೇ ಹಾಕಿ, ಒಳಗಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಸವೆದಿದ್ದರೆ ಬದಲಿಸಿ.

ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಉಲ್ಟಾ ಕೂತರೆ ಒಳಗಿನ ವಾಲ್ವ್ ಪೆಟ್ರೋಲನ್ನು ಮುಂದೆ ಬಿಡುವುದೇ ಇಲ್ಲ. ಹಿಚುಕುವಾಗ ಬಾಣ ಮೇಲ್ಮುಖವಾಗುವಂತೆ ನೆಟ್ಟಗೆ ಹಿಡಿಯಿರಿ, ಬೇಗ ತುಂಬುತ್ತದೆ. ಜಾಗವಿದ್ದರೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ. ಹೆಚ್ಚಾದಾಗ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕಿಳಿಯುತ್ತವೆ. ಎಂಜಿನ್ ಎಳೆದುಕೊಳ್ಳುವುದೂ ತಳದಿಂದಲೇ. ಬಹಳಷ್ಟು ಔಟ್‌ಬೋರ್ಡುಗಳಿಗೆ ತಯಾರಕರು ಶೇ 10ರಷ್ಟಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ, ಹಾಗಾಗಿ ನಿಮ್ಮ ಎಂಜಿನ್ನಿನ ಪುಸ್ತಕ ನೋಡಿ. ತಿಂಗಳುಗಟ್ಟಲೆ ಹಳೆಯದಾದ ಪೆಟ್ರೋಲನ್ನು ನೆರೆಯ ದಿನ ನಂಬಬೇಡಿ.

ತುಂಬಿಸುವಾಗ ಟ್ಯಾಂಕನ್ನು ದೋಣಿಯಿಂದಲೂ ಟೆಂಪೋದಿಂದಲೂ ಇಳಿಸಿ ನೆಲದ ಮೇಲಿಡಿ, ನಳಿಕೆ ಟ್ಯಾಂಕಿನ ಬಾಯಿಗೆ ತಾಗಿರಲಿ. ಸ್ಥಿರವಿದ್ಯುತ್ತಿನ ಕಿಡಿ ತಪ್ಪಿಸಲು ಇದು ಬೇಕೇಬೇಕು. 25 ಲೀಟರ್ ಟ್ಯಾಂಕಿಗೆ 22ರ ಮೇಲೆ ಹಾಕಬೇಡಿ, ಗದಗಿನ ಏಪ್ರಿಲ್ ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ. ಟೂ ಸ್ಟ್ರೋಕಿಗೆ 50:1 ಹೇಳಿದ್ದರೆ ಲೀಟರಿಗೆ 20 ಮಿಲಿ, ಅಂದರೆ 20 ಲೀಟರಿಗೆ 400 ಮಿಲಿ ಆಯಿಲ್. ಟಿಸಿ-ಡಬ್ಲ್ಯು3 ಗುರುತಿನದ್ದೇ ಆಗಬೇಕು; ಸ್ಕೂಟರಿನ 2ಟಿ ಆಯಿಲ್ ನೀರಿನಿಂದ ತಂಪಾಗುವ ಈ ಎಂಜಿನ್ನಿಗಲ್ಲ. ಅರ್ಧ ಪೆಟ್ರೋಲಿಗೆ ಆಯಿಲ್ ಸುರಿದು ಅಲ್ಲಾಡಿಸಿ, ಆಮೇಲೆ ಉಳಿದದ್ದನ್ನು ಹಾಕಿ.

ಇನ್ನು ಪರೀಕ್ಷೆ. ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿ, ಬಲ್ಬ್ ಗಟ್ಟಿಯಾಗುವತನಕ ಹಿಚುಕಿ, ಪ್ರತಿ ಜಾಯಿಂಟಿಗೆ ಒಣ ಪೇಪರ್ ಸುತ್ತಿಡಿ. ಹತ್ತು ನಿಮಿಷದಲ್ಲಿ ಕಲೆ ಮೂಡಿದ ಕಡೆ ಸೋರಿಕೆಯಿದೆ. ಎಂಜಿನ್ ಓಡುವಾಗ ಅದೇ ತೂತಿನಿಂದ ಪೆಟ್ರೋಲ್ ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ಅದಕ್ಕೇ ಓಡುವಾಗ ನೋಡಿದರೆ ಸಿಗುವುದಿಲ್ಲ. ಪೇಪರ್ ತೆಗೆದು, ಆವಿ ಆರಿದ ಮೇಲೆ, ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿಳಿಸಿ ಬಯಲಿನಲ್ಲಿ ಚಾಲೂ ಮಾಡಿ. ನೀರಿಲ್ಲದೆ ಓಡಿಸಬಾರದು.

ಕೈಕೊಟ್ಟಾಗ ಮೊದಲು ಬಲ್ಬ್ ಮುಟ್ಟಿ ನೋಡಿ. ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ತಡೆ ಟ್ಯಾಂಕಿನ ಕಡೆಗಿದೆ: ಗಾಳಿ ಸ್ಕ್ರೂ ಮುಚ್ಚಿರಬಹುದು, ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟಿರಬಹುದು. ಸ್ಕ್ರೂ ಸಡಿಲಿಸಿದಾಗ ಸೊಂಯ್ ಎಂದು ಗಾಳಿ ಎಳೆದು ಟ್ಯಾಂಕಿನ ಪಕ್ಕೆ ಉಬ್ಬಿ ಸರಿಯಾದರೆ ಕಾರಣ ಅದೇ. ಎಷ್ಟು ಹಿಚುಕಿದರೂ ಗಟ್ಟಿಯಾಗದಿದ್ದರೆ ಗಾಳಿ ಸೋರಿಕೆ, ಓ-ರಿಂಗ್ ಅಥವಾ ಬಲ್ಬಿನ ವಾಲ್ವ್ ನೋಡಿ. ಎಂಜಿನ್ ಸಾಯುವಾಗ ಹಿಚುಕಿದರೆ ಚೇತರಿಸಿಕೊಂಡು ಮತ್ತೆ ನಿಲ್ಲುತ್ತದೆಯೇ? ಪೈಪಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಪೆಟ್ರೋಲ್ ಪಂಪ್ ಸೋತಿದೆ. ಎಲ್ಲ ಸರಿಯಿದ್ದೂ ವೇಗ ಕೊಟ್ಟಾಗ ಉಸಿರು ಕಟ್ಟಿದರೆ ಹಳೆಯ ಪೈಪಿನ ಒಳಪದರ ಸುಲಿದು ದಾರಿ ಮುಚ್ಚಿರುತ್ತದೆ. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತದೆ. ಪೈಪನ್ನೇ ಬದಲಿಸಿ.

ಕೆಲಸ ಮುಗಿದ ಮೇಲೆ ಪೈಪನ್ನು ಎಂಜಿನ್ನಿನಿಂದ ಬಿಚ್ಚಿಡಿ. ಬಿಸಿಲಿಗೆ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ನುಗ್ಗಬಲ್ಲದು. ಕಾರ್ಬುರೇಟರ್ ಎಂಜಿನ್ನಾದರೆ ಪೈಪ್ ಬಿಚ್ಚಿ, ನೀರಿನಲ್ಲಿರುವಾಗಲೇ ನಿಧಾನ ವೇಗದಲ್ಲಿ ಪೆಟ್ರೋಲ್ ತೀರುವತನಕ ಓಡಿಸಿ. ಟ್ಯಾಂಕ್ ಖಾಲಿ ಮಾಡಿ ನೆರಳಿನಲ್ಲಿಡಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು 30 ಲೀಟರೇ ಮಿತಿ, ಅದೂ 25 ಲೀಟರ್ ಮೀರದ, ಬಿಗಿ ಮುಚ್ಚಳದ ಲೋಹದ ಕ್ಯಾನುಗಳಲ್ಲಿ. ಆಯಿಲ್ ಬೆರೆಸದೆ ಉಳಿದದ್ದನ್ನು ಆಗಿಂದಾಗ್ಗೆ ಬೈಕಿಗೆ ಹಾಕಿ ಮುಗಿಸಿ.