ಡ್ರಮ್ ಸ್ಮೋಕರ್‌ಗೆ ಗಾಳಿ ತೂತು ಎಷ್ಟಿರ್ಬೇಕು

ನಮ್ ಶ್ರೀನಿವಾಸಪುರ ಕಡೆ ಮಾವಿನ ಕಟ್ಟಿಗೆಗೆ ಬರ ಇಲ್ಲ, 200 ಲೀಟರ್ ಡ್ರಮ್ಮೂ ಸಿಗುತ್ತೆ, ಆದ್ರೆ ಸ್ಮೋಕರ್, ಅಂದ್ರೆ ಹೊಗೆಯಲ್ಲಿ ನಿಧಾನಕ್ಕೆ ಮಾಂಸ ಬೇಯಿಸೋ ಡ್ರಮ್, ಕೆಡೋದು ಗಾಳಿ ದಾರೀಲೇ.

ತಳದಿಂದ 2 ಇಂಚು ಮೇಲೆ, ಸುತ್ತ ಸಮ ದೂರಕ್ಕೆ 1 ಇಂಚಿನ 3 ತೂತು ಕೊರೀರಿ, ಒಟ್ಟು ಸುಮಾರು 2.4 ಚದರ ಇಂಚು ಆಗುತ್ತೆ. ಮುಚ್ಚಳಕ್ಕೆ 2 ಇಂಚಿನ ಪೈಪ್ ಒಂದು ಹಾಕಿದ್ರೆ 3.1, ಅಂದ್ರೆ ಹೊಗೆ ಹೋಗೋ ದಾರಿ ಗಾಳಿ ಬರೋ ದಾರಿಗಿಂತ ದೊಡ್ಡದು, ಹಂಗೇ ಇರ್ಬೇಕು.

ಮೇಲಿನ ಪೈಪ್ ಮಾತ್ರ ಮುಚ್ಲೇಬೇಡಿ. ಹೊಗೆ ಒಳಗೇ ನಿಂತ್ರೆ ರುಚಿ ಜಾಸ್ತಿ ಅಂತ ನಾನು ಮೊದಲ ಸಲ ಅರ್ಧ ಮುಚ್ಚಿದ್ದೆ, ದಪ್ಪ ಬಿಳಿ ಹೊಗೆ ಸುತ್ಕೊಂಡು ನಾಟಿ ಕೋಳಿ ಚರ್ಮ ಮಸಿ ಬಳಿದಂಗಾಗಿ, ಬಾಯಿಗಿಟ್ರೆ ಕಹಿ, ಪೂರ್ತಿ ಬಿಸಾಕ್ದೆ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಬೇಕಾಗಿರೋದು ತೆಳ್ಳಗೆ, ನೀಲಿಯಾಗಿ, ಕಂಡೂ ಕಾಣ್ದಂಗಿರೋ ಹೊಗೆ.

ಶಾಖ ಏನಿದ್ರೂ ಕೆಳಗಿನ ತೂತಲ್ಲೇ ಹಿಡೀಬೇಕು. ಗುರಿ 110ರಿಂದ 120 ಡಿಗ್ರಿ, 95 ಆಗ್ತಿದ್ದಂಗೆ ಒಂದು ತೂತು ಮುಚ್ಚಿ, 105ಕ್ಕೆ ಇನ್ನೊಂದು, ಯಾಕಂದ್ರೆ ಒಂದ್ಸಲ 150 ದಾಟಿದ್ರೆ ಇಳಿಸೋದು ಬಲು ಕಷ್ಟ. ಒಂದ್ಸಲ ತೂತು ಮುಚ್ಚಿದ್ಮೇಲೋ ತೆಗೆದ್ಮೇಲೋ 15 ನಿಮಿಷ ಕೈ ಕಟ್ಕೊಂಡಿರಿ. ಕೆರೆ ಏರಿ ಕಡೆಯಿಂದ ಗಾಳಿ ಜೋರಿದ್ರೆ ಆ ಪಕ್ಕದ ತೂತು ಮುಚ್ಚಿ ಹಿಂದಿಂದು ತೆಗೀರಿ.

ಇನ್ನೊಂದು, ನೀಲಗಿರಿ ಕಟ್ಟಿಗೆ ಎಲ್ಲೆಲ್ಲೂ ಸಿಗುತ್ತೆ ಅಂತ ಹಾಕ್ಬೇಡಿ, ಎಣ್ಣೆ ಘಾಟು ಮಾಂಸಕ್ಕೆ ಹತ್ತುತ್ತೆ. ಒಣಗಿದ ಮಾವು, ಸೀಬೆ ಸಾಕು.