ಆರ್ಥಿಕ ವ್ಯವಸ್ಥೆಗಳ ಪಾಠಕ್ಕೆ ಸಾಮಗ್ರಿ ಎಲ್ಲಿ ಹುಡುಕಬೇಕು?

ಬಂಡವಾಳಶಾಹಿ, ಸಮಾಜವಾದ, ಮಿಶ್ರ ಆರ್ಥಿಕತೆ ಎಂದು ಕರಿಹಲಗೆಯ ಮೇಲೆ ಬರೆದು ವ್ಯಾಖ್ಯೆ ಬಾಯಿಪಾಠ ಮಾಡಿಸಿದರೆ, ಪರೀಕ್ಷೆ ಮುಗಿದ ಮರುದಿನ ಅದು ಯಾರಿಗೂ ನೆನಪಿರುವುದಿಲ್ಲ. ಗದಗ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಸಾಮಗ್ರಿಗಾಗಿ ಮೊದಲು ನೋಡುವುದು ಮಕ್ಕಳ ಮನೆಯ ಕಡೆಗೆ. ಹಾಲಿನ ಸಂಘದ ಪಾಸ್‌ಬುಕ್, ಎಪಿಎಂಸಿಯಲ್ಲಿ ಹೆಸರುಕಾಳು ಮಾರಿದಾಗ ಕೊಟ್ಟ ಪಟ್ಟಿ, ನ್ಯಾಯಬೆಲೆ ಅಂಗಡಿಯ ರಸೀದಿ: ಈ ಮೂರನ್ನು ತರಿಸಿ. ಹೆಸರು, ಖಾತೆ ಸಂಖ್ಯೆ ಮುಚ್ಚಿ ನಕಲು ತೆಗೆಸಿ. ಯಾರ ಮನೆಯ ಸಾಲವೂ ತರಗತಿಯಲ್ಲಿ ಮಾತಿಗೆ ಬರಬಾರದು. ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ದರ ಗೊತ್ತುಮಾಡಿದವರು ಯಾರು? ಹೆಸರುಕಾಳಿನದು ಖರೀದಿದಾರರ ಟೆಂಡರ್, ಹಾಲಿನದು ಜಿಡ್ಡಿನ ಅಂಶ ನೋಡಿ ಒಕ್ಕೂಟ ಕೊಡುವ ದರ, ಪಡಿತರದ್ದು ಸರ್ಕಾರದ ತೀರ್ಮಾನ. 'ಹೆಸರುಕಾಳಿಗೂ ಸರ್ಕಾರ ಬೆಂಬಲ ಬೆಲೆ ಹೇಳುತ್ತದಲ್ಲ, ಸರ್?' ಎಂದು ಯಾರಾದರೂ ಕೇಳಿದರೆ ಮಿಶ್ರ ಆರ್ಥಿಕತೆಯ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು.

ಸಹಕಾರಕ್ಕಾಗಿ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಇಲ್ಲಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಬೇರೆ ಊರಿನವರು ತಮ್ಮ ಸೊಸೈಟಿಯ ಕಾರ್ಯದರ್ಶಿಯಿಂದ ವಾರ್ಷಿಕ ವರದಿ ಕೇಳಿ ಪಡೆಯಲಿ. ಲಾಭ ಹಂಚಿದ ಪುಟವನ್ನೂ, ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ ಎಂಬ ನಿಯಮವನ್ನೂ ಮುಂದಿಟ್ಟರೆ ಕಂಪನಿಗೂ ಸಂಘಕ್ಕೂ ಇರುವ ಅಂತರ ತಾನಾಗಿ ಕಾಣುತ್ತದೆ.

ಹೊರದೇಶಗಳ ವಿಷಯಕ್ಕೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಭಾರತೀಯ ಆರ್ಥಿಕತೆಯ ಪುಸ್ತಕ ಸಾಕು. ಭಾರತ, ಚೀನಾ, ಪಾಕಿಸ್ತಾನಗಳನ್ನು ಹೋಲಿಸುವ ಅಧ್ಯಾಯ ಅದರಲ್ಲಿದೆ, ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬೇಡಿ, ನೀವು ಓದಿಕೊಂಡು ಹೇಳಿ. 1958ರ ನಂತರ ಚೀನಾದ ರೈತರು ಕಮ್ಯೂನ್‌ಗಳಲ್ಲಿ ಕೂಡಿ ದುಡಿದರು. 1978ರ ಸುಧಾರಣೆಯ ಬಳಿಕ ಹೊಲಗಳನ್ನು ಮನೆಮನೆಗೆ ಸಾಗುವಳಿಗೆ ಹಂಚಿದರು, ತೆರಿಗೆ ಕೊಟ್ಟು ಉಳಿದದ್ದು ಆ ಮನೆಯವರದೇ ಆಯಿತು. ಒಕ್ಕಲುತನದ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

ಹಳೆಯ ಪುಸ್ತಕದ ಅಂಗಡಿಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಈಗಲೂ ಕೈಗೆ ಸಿಗುವುದುಂಟು. ಚಿತ್ರಗಳು ಚೆನ್ನಾಗಿರುತ್ತವೆ; ಆದರೆ ಸೋವಿಯತ್ ಅಂಗಡಿಗಳ ಮುಂದಿನ ಸರದಿ ಸಾಲು ಅವುಗಳಲ್ಲಿ ಕಾಣುವುದಿಲ್ಲ. ವಿಡಿಯೊಗಳದ್ದೂ ಇದೇ ಕಥೆ. ಒಂದು ವ್ಯವಸ್ಥೆಯನ್ನು ಸ್ವರ್ಗವೆಂದೂ ಇನ್ನೊಂದನ್ನು ನರಕವೆಂದೂ ತೋರಿಸುವ ವಿಡಿಯೊ ಸಿಕ್ಕರೆ, ಅದಕ್ಕೆ ವಿರುದ್ಧವಾದದ್ದನ್ನೂ ಹುಡುಕಿ, ಎರಡನ್ನೂ ಒಂದೇ ದಿನ ತೋರಿಸಿ.

ನನಗೆ ಅತಿ ಇಷ್ಟವಾದ ಸಾಮಗ್ರಿ ಒಂದು ಆಟ. ಮೊನಾಪಲಿ ಆಟದ ಮೂಲರೂಪಕ್ಕೆ ಅಮೆರಿಕದ ಎಲಿಜಬೆತ್ ಮಾಗೀ 1904ರಲ್ಲಿ ಪೇಟೆಂಟ್ ಪಡೆದರು. ಭೂಮಿ ಕೆಲವರ ಕೈಸೇರಿದರೆ ಏನಾಗುತ್ತದೆ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಅಂಗಡಿಯಲ್ಲಿ ಸಿಗುವ ಬಿಸಿನೆಸ್ ಆಟದ ಹಲಗೆ ಇದ್ದರೂ ನಡೆಯುತ್ತದೆ. ಮೊದಲ ಆಟದಲ್ಲಿ ಬಾಡಿಗೆ ಮಾಲೀಕನಿಗೆ ಹೋಗಲಿ. ಎರಡನೆಯದರಲ್ಲಿ ಎಲ್ಲರಿಗೂ ಸೇರಿದ ಡಬ್ಬಿಗೆ ಬಿದ್ದು, ಸುತ್ತು ಮುಗಿದಾಗ ಸಮನಾಗಿ ಹಂಚಿಕೆಯಾಗಲಿ. ಎರಡನೆಯದರಲ್ಲಿ ದಿವಾಳಿಯಾಗುವವರು ಕಡಿಮೆ, ಆದರೆ ಬೇಸರವೆಂದು ಗೊಣಗುವವರು ಹೆಚ್ಚು. ಆ ಗೊಣಗಾಟವನ್ನೂ ಚರ್ಚೆಗೆ ತನ್ನಿ. ಇದಕ್ಕೆ ಒಂದು ಅವಧಿ ಸಾಲದು. ಬೆನ್ನುಬೆನ್ನಿಗೆ ಎರಡು ಅವಧಿ ಬೇಕೆಂದು ಮುಖ್ಯೋಪಾಧ್ಯಾಯರಿಗೆ ಮೊದಲೇ ಹೇಳಿಡಿ.